ವಾಟ ಇಲ್ಲದ ಬಚ್ಚಲು

ಬ್ಲಾಗಿಗೆ ಏನೂ ಬರೆಯದೆ ಸುಮಾರು ದಿನ ಆಗಿಹೋಯ್ತು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ :) ಮೊನ್ನೆ ಒಬ್ಬ ಹುಡುಗ ಕೇಳಿದ ಪ್ರಶ್ನೆಯಿಂದಾಗಿ ಕೊನೆಗೂ ಬರೆಯೋಕೆ ಕೂತಿದ್ದೀನಿ. ಆತ ಈಗಷ್ಟೇ ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಇಳಿದವನು. "ಸಾರ್, ಕ್ಲೈಂಟ್ ಕೇಳಿದ್ದನ್ನ ಕೇಳಿದ ಹಾಗೆ ಮಾಡಿಕೊಟ್ಟು ದುಡ್ಡು ಇಸ್ಕೊಂಡ್ರೆ ಸಾಕಲ್ವಾ? ಈ ಡಿಸೈನ್ ನಿಯಮಗಳೆಲ್ಲ ದೊಡ್ಡ ಕಂಪನಿಗಳಿಗೆ ತಾನೆ?" ಅಂದ.

ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ಕೆಲಸ ಮಾಡ್ಕೊಂಡು ಬಂದಿರೋ ನಾನು ತಕ್ಷಣ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಯಾಕಂದ್ರೆ ನಾನೂ ಹಾಗೇ ನಡ್ಕೊಂಡಿದ್ದೀನಿ. ಆ ಕಥೆಯನ್ನೇ ಮೊದಲು ಹೇಳಿಬಿಡ್ತೀನಿ.

2022ರಲ್ಲಿ ಒಂದು ಹೋಂಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ಟೆ. ಊರು ಆಗುಂಬೆ ಮತ್ತು ತೀರ್ಥಹಳ್ಳಿ ನಡುವೆ, ಮುಖ್ಯರಸ್ತೆ ಬಿಟ್ಟು ಒಳಗೆ ಹೋಗಬೇಕು. ಅಡಿಕೆ ತೋಟದ ಮಧ್ಯೆ ಹಳೇ ಮನೆ. ಯಜಮಾನ್ರು ತುಂಬಾ ಒಳ್ಳೇ ಮನುಷ್ಯ, ಬೆಂಗಳೂರಿಗೆ ಬಂದಾಗೆಲ್ಲ ನನ್ನ ಆಫೀಸಿಗೆ ಬಂದು ಕೂರೋರು. ಅವರಿಗೆ ಏನೇನು ಬೇಕು ಅಂತ ಸ್ಪಷ್ಟವಾಗಿ ಗೊತ್ತಿತ್ತು. ಪುಟ ತೆಗೆದ ಕೂಡಲೇ ದೊಡ್ಡ ದೊಡ್ಡ ಫೋಟೋ ಒಂದಾದ ಮೇಲೊಂದು ತಾನಾಗೇ ಸರೀತಾ ಇರಬೇಕು. ಹಿಂದೆ ಚಂಡೆಯ ಸದ್ದು ಬರಬೇಕು. ಅಕ್ಷರ ತೆಳ್ಳಗೆ, ಬೂದು ಬಣ್ಣದಲ್ಲಿ, "ರಿಚ್" ಆಗಿ ಕಾಣಬೇಕು. ಅವರ ಅಳಿಯ ಊರಲ್ಲಿ ಡಿಟಿಪಿ ಅಂಗಡಿ ಇಟ್ಕೊಂಡಿದ್ದ. ಬಾಡಿಗೆ ದರ, ಬರುವ ದಾರಿ, ಫೋನ್ ನಂಬರ್ ಎಲ್ಲ ಸೇರಿಸಿ ಕೋರಲ್‌ಡ್ರಾದಲ್ಲಿ ಚೆಂದದ ಒಂದು ಪೋಸ್ಟರ್ ಮಾಡಿ ಕಳಿಸಿದ್ದ, ಥೇಟ್ ಲಗ್ನಪತ್ರಿಕೆ ಥರ. "ಅದನ್ನ ಹಾಗೇ ಹಾಕಿಬಿಡಿ ಮಾರಾಯ್ರೆ, ಹುಡುಗ ಕಷ್ಟಪಟ್ಟು ಮಾಡಿದಾನೆ" ಅಂದರು.

ಹಾಗೇ ಹಾಕಿದೆ. ನಾಲ್ಕನೇ ಫೋಟೋ ಆಗಿ.

ನನಗೆ ಗೊತ್ತಿರಲಿಲ್ಲ ಅಂತಲ್ಲ. ಇದರಲ್ಲಿ ಒಂದೊಂದೂ ಮಾಡಬಾರದ್ದು ಅಂತ ಚೆನ್ನಾಗೇ ಗೊತ್ತಿತ್ತು. ಆದರೆ ಹೇಳೋಕೆ ಹೋದರೆ ಇನ್ನೆರಡು ಮೀಟಿಂಗು, ಒಂದಷ್ಟು ವಾದ, ಅಳಿಯನಿಗೆ ಬೇಜಾರು. ಕ್ಲೈಂಟ್ ಖುಷಿಯಾಗಿದ್ರೆ ಆಯ್ತು ಅಂದುಕೊಂಡೆ. ನನ್ನ ಆಫೀಸಿನ ದೊಡ್ಡ ಮಾನಿಟರಿನಲ್ಲಿ, ಫೈಬರ್ ಕನೆಕ್ಷನ್ನಿನಲ್ಲಿ ತೋರಿಸಿದೆ. "ಆಹಾ" ಅಂದರು. ಚೆಕ್ ಬರೆದುಕೊಟ್ಟರು. ಮುಗೀತು.

ಮುಗೀಲಿಲ್ಲ. 2023ರ ಜುಲೈನಲ್ಲಿ ಒಂದು ಬೆಳಿಗ್ಗೆ ಅವರ ಫೋನ್ ಬಂತು. ಹಿಂದಿನ ದಿನ ಸಂಜೆ ಉಡುಪಿ ಕಡೆಯಿಂದ ಒಂದು ಕುಟುಂಬ ಬರೋದಿತ್ತಂತೆ, ವಯಸ್ಸಾದ ಅಜ್ಜಿಯೂ ಜೊತೆಗೆ. ಘಾಟಿಯ ಹದಿನಾಲ್ಕು ತಿರುವು ಹತ್ತಿ ಆಗುಂಬೆ ದಾಟೋ ಹೊತ್ತಿಗೆ ಕತ್ತಲು. ಮಳೆ ಅಂದ್ರೆ ಆಗುಂಬೆ ಮಳೆ, ಹೇಳೋದೇ ಬೇಡ. ಎಲ್ಲಿ ಒಳಗೆ ತಿರುಗಬೇಕು ಅಂತ ಗೊತ್ತಾಗದೆ ಗಾಡಿ ನಿಲ್ಲಿಸಿ ವೆಬ್‌ಸೈಟ್ ತೆಗೆದಿದ್ದಾರೆ. ಒಂದು ಕಡ್ಡಿ ಸಿಗ್ನಲ್. ಪರದೆ ಮೇಲೆ ಸುತ್ತುವ ಚಕ್ರ ಬಿಟ್ಟರೆ ಬೇರೇನೂ ಬರಲಿಲ್ಲ. ಅಲ್ಲೇ ಸುಮಾರು ಹೊತ್ತು ಕಾದು, ಅಲ್ಲಿ ಇಲ್ಲಿ ಕೇಳಿಕೊಂಡು ರಾತ್ರಿ ಒಂಬತ್ತೂವರೆಗೆ ಬಂದು ತಲುಪಿದ್ದಾರೆ. ಬಂದವರು ಮೊದಲು ಹೇಳಿದ್ದು, "ನಿಮ್ಮ ವೆಬ್‌ಸೈಟಲ್ಲಿ ಒಂದು ಫೋನ್ ನಂಬರ್ ಕೂಡ ಇಲ್ವಲ್ರೀ?"

ನಂಬರ್ ಇತ್ತು. ನಾಲ್ಕನೇ ಫೋಟೋದ ಒಳಗೆ.

ನಾನು ಇದನ್ನೆಲ್ಲ ಯಜಮಾನ್ರಿಗೆ ವಿವರಿಸಿದೆ. ಪುಟ ಒಟ್ಟು 14 ಎಂಬಿ ತೂಗ್ತಿತ್ತು, ಹಾಗಾಗಿ ಅಷ್ಟು ದೂರ ಲೋಡ್ ಆಗಿರಲ್ಲ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು. "ಹೀಗಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಗೊತ್ತಿದ್ದೂ ಹೇಳಲಿಲ್ವಾ ಮಾರಾಯ್ರೆ?"

ಬೈದಿದ್ದರೆ ಚೆನ್ನಾಗಿರ್ತಿತ್ತು. ಬೈಲಿಲ್ಲ.

ಅವತ್ತು ನನಗೆ ನೆನಪಾದದ್ದು ನಮ್ಮ ಮನೆ ಕಟ್ಟಿದ ಮೇಸ್ತ್ರಿ. ಬಚ್ಚಲಿನ ನೆಲ ಹಾಕುವಾಗ ನಮ್ಮಪ್ಪ ಟೈಲ್ಸಿನ ಬಣ್ಣ, ನಲ್ಲಿಯ ಜಾಗ, ಕಿಟಕಿಯ ಎತ್ತರ ಎಲ್ಲ ಹೇಳಿದ್ದರು. ನೆಲಕ್ಕೆ ವಾಟ ಕೊಡು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಮೇಸ್ತ್ರಿ ಕೇಳದೇ ಕೊಟ್ಟ. ನೀರು ತೂಬಿನ ಕಡೆ ಹರಿದುಹೋಗೋ ಹಾಗೆ ಸಣ್ಣ ಇಳಿಜಾರು, ಕಣ್ಣಿಗೆ ಕಾಣೋದೂ ಇಲ್ಲ. ವಾಟ ಇಲ್ಲದ ಬಚ್ಚಲು ಫೋಟೋದಲ್ಲಿ ಎಷ್ಟೇ ಚೆನ್ನಾಗಿದ್ರೂ ಮೊದಲ ದಿನವೇ ನೀರು ನಿಂತು ಯಾರಾದ್ರೂ ಜಾರಿ ಬೀಳ್ತಾರೆ. ಆಗ ಮೇಸ್ತ್ರಿ "ನೀವು ವಾಟ ಕೇಳಿರ್ಲಿಲ್ವಲ್ಲ ಸ್ವಾಮಿ" ಅಂದ್ರೆ ಒಪ್ಪಿಕೊಳ್ತೀವಾ?

ನಾನು ಮಾಡಿದ್ದು ಅದಕ್ಕಿಂತ ಕಡೆ. ನನಗೆ ಗೊತ್ತಿತ್ತು, ಕ್ಲೈಂಟಿಗೆ ಗೊತ್ತಿರಲಿಲ್ಲ. ಆತ ದುಡ್ಡು ಕೊಟ್ಟದ್ದು ನನ್ನ ಬೆರಳು ಟೈಪ್ ಮಾಡಿದ್ದಕ್ಕಲ್ಲ, ನನಗೆ ಏನು ಗೊತ್ತಿದೆಯೋ ಅದಕ್ಕೆ. ಅದನ್ನೇ ನಾನು ಕೊಡಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ವೆಬ್‌ಸೈಟ್ ಮಾಡುವಾಗ ಮೇಜಿನ ಎದುರು ಕೂತಿರೋದು ಇಬ್ಬರೇ, ನಾವು ಮತ್ತು ಕ್ಲೈಂಟ್. ಅದನ್ನ ಬಳಸೋ ಮೂರನೆಯವರು ಅಲ್ಲಿ ಇರೋದೇ ಇಲ್ಲ. ಅವರು ಎಲ್ಲೋ ಮಳೆಯಲ್ಲಿ ಗಾಡಿ ನಿಲ್ಲಿಸಿಕೊಂಡಿರ್ತಾರೆ. ಅವರ ಪರವಾಗಿ ಮಾತಾಡೋಕೆ ಆ ಕೋಣೆಯಲ್ಲಿ ಇರೋರು ನಾವೊಬ್ಬರೇ. ಒಳ್ಳೆಯ ಡಿಸೈನ್ ಪದ್ಧತಿ ಅಂತ ಏನು ಕರೀತೀವೋ ಅದೆಲ್ಲ ಆ ಮೂರನೆಯವರ ಪರವಾಗಿ ಆಡುವ ಮಾತು. ಕ್ಲೈಂಟ್ ಕೇಳದಿದ್ರೂ ಆಡಬೇಕು, ಬೇಡ ಅಂದ್ರೂ ಒಂದ್ಸಲ ಆಡಲೇಬೇಕು.

ಆ ಮಾತುಗಳು ಯಾವುವು? ದೊಡ್ಡ ಪಟ್ಟಿ ಬೇಡ, ಆ ಒಂದು ಸೈಟಿನಲ್ಲಿ ನಾನು ಏನೇನು ತಪ್ಪು ಮಾಡಿದೆ ಅಂತ ನೋಡಿದ್ರೆ ಸಾಕು.

ಮೊದಲನೇದು, ಅಕ್ಷರವನ್ನ ಚಿತ್ರದೊಳಗೆ ಹೂತಿದ್ದು. ಇದನ್ನ ನಿಮ್ಮ ಹತ್ರ ಹೇಳೋಕೆ ನಾಚಿಕೆ ಆಗುತ್ತೆ, ಯಾಕಂದ್ರೆ ನಾವೆಲ್ಲ ಯಾವ ಕಾಲ ದಾಟಿ ಬಂದವರು ಅಂತ ನೆನಪಿದೆಯಲ್ಲ? ಒಂದೊಂದು ಕನ್ನಡ ಸೈಟಿಗೆ ಒಂದೊಂದು ಫಾಂಟ್ ಡೌನ್‌ಲೋಡ್ ಮಾಡ್ಕೋಬೇಕಿತ್ತು. ಇಲ್ಲದಿದ್ರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಇಲ್ಲವೇ ಚೌಕ ಚೌಕ ಡಬ್ಬಿ. ಹುಡುಕಿದ್ರೆ ಸಿಗ್ತಿರಲಿಲ್ಲ, ಕಾಪಿ ಮಾಡಿದ್ರೆ ಬೇರೆ ಕಡೆ ಓದೋಕಾಗ್ತಿರಲಿಲ್ಲ. ಎಕ್ಸ್‌ಪಿಯ ತುಂಗಾ ಫಾಂಟ್ ಬಂದು, ಯುನಿಕೋಡ್ ಬಂದು, ಕನ್ನಡದ ಅಕ್ಷರ ನಿಜವಾಗಿ ಅಕ್ಷರ ಆಯ್ತು ಅಂತ ನಾವೆಲ್ಲ ಬ್ಲಾಗ್ ಶುರು ಮಾಡಿದ್ದು. ಈಗ ಅದೇ ನಾವು ಅಕ್ಷರವನ್ನ ಜೆಪಿಜಿ ಮಾಡಿ ಹಾಕ್ತೀವಿ ಅಂದ್ರೆ, ಹತ್ತಿದ ಘಾಟಿ ಮತ್ತೆ ಇಳಿದ ಹಾಗೆ. ಚಿತ್ರದೊಳಗಿನ ಫೋನ್ ನಂಬರನ್ನ ಮುಟ್ಟಿದ್ರೆ ಕರೆ ಹೋಗಲ್ಲ. ದೊಡ್ಡದು ಮಾಡಿದ್ರೆ ಮಸುಕಾಗುತ್ತೆ. ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೆ ಅಲ್ಲಿ ಓದೋಕೆ ಏನೂ ಸಿಗಲ್ಲ. ಅದೇ ನಂಬರನ್ನ ಪಠ್ಯವಾಗಿ ಬರೆದು ಟೆಲಿಫೋನ್ ಲಿಂಕ್ ಕೊಟ್ಟಿದ್ರೆ ಹತ್ತು ನಿಮಿಷದ ಕೆಲಸ.

ಎರಡನೇದು ತೂಕ. ಕ್ಯಾಮೆರಾದಿಂದ ಬಂದ 4000 ಪಿಕ್ಸೆಲ್ ಅಗಲದ ಫೋಟೋಗಳನ್ನ ಹಾಗೇ ತುರುಕಿದ್ದೆ. 14 ಎಂಬಿ ಅಂದ್ರೆ 112 ಮೆಗಾಬಿಟ್. ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕರೂ ಪೂರ್ತಿ ಬರೋಕೆ ಹತ್ತಿರ ಹತ್ತಿರ ಎರಡು ನಿಮಿಷ. ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಅದೂ ಸಿಗಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅನ್ನೋದು ಗೂಗಲ್ 2020ರಲ್ಲಿ ಹೇಳಿದ ಅಳತೆ. ಫೋಟೋಗಳನ್ನ ಫೋನಿನ ಅಗಲಕ್ಕೆ ತಕ್ಕ ಹಾಗೆ ಚಿಕ್ಕದು ಮಾಡಿ, ವೆಬ್‌ಪಿ ಆಗಿ ಉಳಿಸಿ, ಕೆಳಗಿನ ಫೋಟೋಗಳು ಅಲ್ಲಿಗೆ ಹೋದಾಗ ಮಾತ್ರ ಇಳಿಯೋ ಹಾಗೆ ಮಾಡಿದ್ರೆ ಅದೇ ಚೆಂದ ಕಾಲು ಭಾಗಕ್ಕಿಂತ ಕಡಿಮೆ ತೂಕದಲ್ಲಿ ಬರುತ್ತೆ.

ಮೂರನೇದು ಬೂದು ಬಣ್ಣದ ಅಕ್ಷರ. ಇದಕ್ಕೊಂದು ಲೆಕ್ಕ ಇದೆ. ಬಿಳಿ ಮೇಲೆ ಕಪ್ಪು ಅಂದ್ರೆ 21ಕ್ಕೆ 1. ಡಬ್ಲ್ಯೂಸಿಎಜಿ ಅನ್ನೋ ಅಂತಾರಾಷ್ಟ್ರೀಯ ಮಾರ್ಗಸೂಚಿ 2008ರ ಡಿಸೆಂಬರಿನ ಆವೃತ್ತಿಯಿಂದಲೂ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಲಿ ಅನ್ನುತ್ತೆ. ನಾನು ಬಳಸಿದ್ದ #999999 ಬೂದು ಬಿಳಿ ಮೇಲೆ 3ಕ್ಕೂ ಕಡಿಮೆ. ಒಂಚೂರು ಗಾಢ ಮಾಡಿ #767676 ಇಟ್ಟಿದ್ರೂ ಪಾಸಾಗ್ತಿತ್ತು. ಐವತ್ತು ದಾಟಿದವರ ಕಣ್ಣಿಗೆ, ಹೊರಗಿನ ಬಿಸಿಲಿಗೆ, ಈ ವ್ಯತ್ಯಾಸ ದೊಡ್ಡದು.

ಇದರ ಜೊತೆ ಕನ್ನಡದ್ದೇ ಒಂದಿಷ್ಟು ಇದೆ, ಅದನ್ನ ಇಂಗ್ಲಿಷ್ ಟೆಂಪ್ಲೇಟ್ ಹೇಳಿಕೊಡಲ್ಲ. ನಮ್ಮ ಲಿಪಿಗೆ ಕೆಳಗೆ ಒತ್ತಕ್ಷರ, ಮೇಲೆ ಗುಣಿತ. ಇಂಗ್ಲಿಷಿಗೆ ಅಂತ ಇಟ್ಟ ಸಾಲಿನ ಅಂತರದಲ್ಲಿ ಕನ್ನಡ ಹಾಕಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತೆ. ಬಟನ್ನಿನ ಎತ್ತರ ಬಿಗಿಯಾಗಿದ್ರೆ ಒತ್ತಕ್ಷರ ಅರ್ಧ ಕತ್ತರಿಸಿ ಹೋಗುತ್ತೆ. ನಾನು ಸಾಮಾನ್ಯವಾಗಿ ಅಕ್ಷರದ ಗಾತ್ರದ 1.6 ಪಟ್ಟಿಗಿಂತ ಕಡಿಮೆ ಸಾಲಂತರ ಕೊಡಲ್ಲ. ಇಟಾಲಿಕ್ ಅನ್ನೋದು ನಮ್ಮ ಲಿಪಿಯ ಸಂಪ್ರದಾಯವೇ ಅಲ್ಲ, ಬ್ರೌಸರ್ ಸುಮ್ಮನೆ ಅಕ್ಷರವನ್ನ ಓರೆ ಮಾಡುತ್ತೆ. ಮೆನುವಿನಲ್ಲಿ "ಹೋಂ" ಇದ್ದ ಜಾಗಕ್ಕೆ "ಮುಖಪುಟ", "ಕಾಂಟ್ಯಾಕ್ಟ್" ಇದ್ದ ಜಾಗಕ್ಕೆ "ನಮ್ಮನ್ನು ಸಂಪರ್ಕಿಸಿ" ಬಂದಾಗ ಸಾಲು ಒಡೆದುಹೋಗುತ್ತೆ. ಹಾಗಾಗಿ ಡಿಸೈನನ್ನ ಮೊದಲಿಂದಲೇ ಕನ್ನಡ ಪದ ಇಟ್ಟು ಮಾಡಬೇಕು, ಕೊನೆಗೆ ತುಂಬಿಸೋದಲ್ಲ. ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ಒಂದು ಪದ ಬರೆಯೋದನ್ನೂ ಮರೀಬಾರದು. ಟೆಂಪ್ಲೇಟಿನಲ್ಲಿ ಇಂಗ್ಲಿಷ್ ಅಂತಲೇ ಇದ್ದರೆ ಕೆಲವು ಸ್ಕ್ರೀನ್ ರೀಡರುಗಳು ಕನ್ನಡವನ್ನ ಇಂಗ್ಲಿಷ್ ದನಿಯಲ್ಲಿ ಓದೋಕೆ ಹೋಗಿ ತೊದಲ್ತವೆ, ಇಲ್ಲವೇ ಸುಮ್ಮನಾಗ್ತವೆ.

ಇದೆಲ್ಲ ಬರೀ ಸೌಜನ್ಯದ ಮಾತೂ ಅಲ್ಲ. ಅಂಗವಿಕಲರಿಗೂ ಡಿಜಿಟಲ್ ಸೇವೆ ನಿಲುಕಬೇಕು ಅನ್ನೋ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೌಲಭ್ಯ ಸಿಗುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಆ ಪ್ರಕರಣ ಇದ್ದದ್ದು ಆನ್‌ಲೈನ್ ಕೆವೈಸಿ ಬಗ್ಗೆ, ಹೋಂಸ್ಟೇ ಬಗ್ಗೆ ಅಲ್ಲ, ನಿಜ. ಆದ್ರೆ ಗಾಳಿ ಯಾವ ಕಡೆ ಬೀಸ್ತಿದೆ ಅಂತ ಗೊತ್ತಾಗುತ್ತಲ್ಲ.

ಈಗ ಆ ಹುಡುಗನ ವಾದಕ್ಕೆ ಬರ್ತೀನಿ. "ನಾನು ಹಾಗಲ್ಲ ಅಂದ್ರೆ ಕ್ಲೈಂಟ್ ಪಕ್ಕದವನ ಹತ್ರ ಹೋಗ್ತಾನೆ, ಅವನು ಅರ್ಧ ದುಡ್ಡಿಗೆ ಬಾಯಿ ಮುಚ್ಕೊಂಡು ಮಾಡಿಕೊಡ್ತಾನೆ." ಇದು ಸುಳ್ಳಲ್ಲ. ನನ್ನ ಕೈಯಿಂದಲೂ ಹಾಗೆ ಕೆಲಸ ಹೋಗಿದೆ. ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ನಾವು ಹೆಚ್ಚಿನ ಸಲ ಹೇಳಿ ಕೆಲಸ ಕಳ್ಕೊಳ್ಳೋದಿಲ್ಲ, ಹೇಳೋ ರೀತಿಯಿಂದ ಕಳ್ಕೊಳ್ತೀವಿ. ಮೀಟಿಂಗಿನಲ್ಲಿ ಕೂತು ಮಾರ್ಗಸೂಚಿಯ ಸಂಖ್ಯೆ ಒದರಿದ್ರೆ ಕ್ಲೈಂಟಿಗೆ ನಾವು ಪಾಠ ಮಾಡ್ತಿದ್ದೀವಿ ಅನ್ಸುತ್ತೆ. ಅದರ ಬದಲು ಅವರದೇ ಫೋನ್ ಅವರ ಕೈಗೆ ಕೊಡಿ. ಕ್ರೋಮ್ ಬ್ರೌಸರಿನಲ್ಲಿ ನೆಟ್‌ವರ್ಕನ್ನ ಬೇಕಂತಲೇ ನಿಧಾನ ಮಾಡಿ ತೋರಿಸೋ ಸೌಲಭ್ಯ ಇದೆ, ಅದನ್ನ ಹಾಕಿ. ಆಮೇಲೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.

ನಾನು ಅದನ್ನ ಕಲಿತದ್ದು ಅದೇ ಹೋಂಸ್ಟೇಯಲ್ಲಿ. ಆ ಫೋನ್ ಬಂದ ವಾರವೇ ನಾನು ಅಲ್ಲಿಗೆ ಹೋದೆ. ಹೊರಗೆ ಮಳೆ ಹೊಡೀತಿತ್ತು. ಯಜಮಾನ್ರ ತಾಯಿ ಹಲಸಿನ ಹಪ್ಪಳ ಕರಿದು ತಂದಿಟ್ಟರು. ಅವರ ಕೈಗೆ ಫೋನ್ ಕೊಟ್ಟು, "ಅಮ್ಮ, ಇದರಲ್ಲಿ ನಿಮ್ಮ ಮಗನ ಫೋನ್ ನಂಬರ್ ಎಲ್ಲಿದೆ ಹುಡುಕಿ ಕೊಡ್ತೀರಾ?" ಅಂದೆ. ಕನ್ನಡಕ ಹಾಕ್ಕೊಂಡರು. ನಾಲ್ಕನೇ ಫೋಟೋ ಬಂತು, ಕಣ್ಣು ಕಿರಿದು ಮಾಡಿ ಓದೋಕೆ ಹೊರಟರು, ಅಷ್ಟರಲ್ಲಿ ಐದನೇದು ಬಂತು. ಮತ್ತೆ ಕಾದರು, ಮತ್ತೆ ಹೋಯ್ತು. "ಇದು ನಿಲ್ಲೋದೇ ಇಲ್ವಲ್ಲಪ್ಪ, ಓದೋದು ಹೆಂಗೆ?" ಅಂದು ಫೋನ್ ವಾಪಸ್ ಕೊಟ್ಟರು. ಅದರ ಜೊತೆಗೆ ಚಂಡೆ ಬೇರೆ ಬಡೀತಾ ಇತ್ತು.

ಯಜಮಾನ್ರು ನಕ್ಕುಬಿಟ್ಟರು. ನಾನು ಎರಡು ಗಂಟೆ ವಾದ ಮಾಡಿದ್ರೂ ಆಗದಿದ್ದ ಕೆಲಸ ಅವರ ತಾಯಿಯಿಂದ ಎರಡು ನಿಮಿಷದಲ್ಲಿ ಆಯ್ತು. ಐದೇ ಜನರ ಕೈಯಲ್ಲಿ ಬಳಸಿ ನೋಡಿದ್ರೆ ಸೈಟಿನ ಬಹುಪಾಲು ತೊಂದರೆ ಗೊತ್ತಾಗುತ್ತೆ ಅಂತ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ನನಗೆ ಒಬ್ಬರೇ ಸಾಕಾಯ್ತು :)

ಸೈಟನ್ನ ಪೂರ್ತಿ ಮತ್ತೆ ಮಾಡಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಈಗ ಮೊದಲ ಪರದೆಯಲ್ಲೇ ಮನೆಯ ಹೆಸರು, ಒಂದೇ ಫೋಟೋ, ಮುಟ್ಟಿದ್ರೆ ಕರೆ ಹೋಗುವ ನಂಬರ್, ಮತ್ತು ದಾರಿ. ದಾರಿ ಅಂದ್ರೆ ಮ್ಯಾಪ್ ಮಾತ್ರ ಅಲ್ಲ, ಮ್ಯಾಪ್ ಬರದಿದ್ರೂ ಓದಿಕೊಂಡು ಬರೋ ಹಾಗೆ ನಾಲ್ಕು ಸಾಲು. ಫೋಟೋಗಳೆಲ್ಲ ಇನ್ನೊಂದು ಪುಟದಲ್ಲಿ, ಬೇಕಾದವರು ಬೆರಳಲ್ಲಿ ಸರಿಸಿ ನೋಡಬಹುದು. ಚಂಡೆ ನಿಂತಿತು.

ಇಲ್ಲಿ ಇನ್ನೊಂದು ಮಾತು ಹೇಳದಿದ್ರೆ ತಪ್ಪಾಗುತ್ತೆ. ನಾವು ಡಿಸೈನ್ ಮಾಡೋರು ನಮ್ಮ ರುಚಿಯನ್ನೇ "ಒಳ್ಳೆಯ ಪದ್ಧತಿ" ಅಂತ ಕ್ಲೈಂಟಿನ ತಲೆಗೆ ಕಟ್ಟೋದೂ ಇದೆ. ಬೂದು ಅಕ್ಷರದ ಫ್ಯಾಷನ್ ತಂದದ್ದು ಯಾರು? ಕ್ಲೈಂಟುಗಳಲ್ಲ, ನಾವೇ. ದೊಡ್ಡ ಪರದೆಯಲ್ಲೂ ಮೆನುವನ್ನ ಮೂರು ಗೆರೆಯ ಹಿಂದೆ ಬಚ್ಚಿಟ್ಟದ್ದು ನಾವೇ. ಪುಟ ತೆಗೆದ ತಕ್ಷಣ ಮುಖಕ್ಕೆ ಬಂದು ಬಡಿಯೋ ಪಾಪ್‌ಅಪ್ ಹಾಕಿಸಿದ್ದರಲ್ಲೂ ನಮ್ಮ ಪಾಲಿದೆ. ಹಿಂದೆ ಪೂರ್ತಿ ಸೈಟನ್ನ ಫ್ಲ್ಯಾಶಿನಲ್ಲಿ ಮಾಡಿ ಮೆರೆದಿದ್ದೂ ನಾವೇ, 2020ರ ಕೊನೆಗೆ ಅಡೋಬಿ ಅದನ್ನ ನಿಲ್ಲಿಸಿದಾಗ ಉಳಿದಿದ್ದವೂ ತೆರೆಯದ ಹಾಗಾದವು.

ಹಾಗಾಗಿ ನಾನೀಗ ಒಂದು ಗೆರೆ ಹಾಕ್ಕೊಂಡಿದ್ದೀನಿ. ಓದೋಕಾಗಬೇಕು, ನಿಧಾನದ ನೆಟ್‌ವರ್ಕಿನಲ್ಲೂ ಬರಬೇಕು, ಬೆರಳಿಗೆ ಸಿಗಬೇಕು, ಬಂದ ಕೆಲಸ ಆಗಬೇಕು. ಇದು ವಾಟ. ಇದರಲ್ಲಿ ಚೌಕಾಶಿ ಇಲ್ಲ. ಕ್ಲೈಂಟ್ ಒಪ್ಪದಿದ್ರೆ ಏನಾಗುತ್ತೆ ಅಂತ ಈಮೇಲಿನಲ್ಲಿ ಬರೆದು ಹೇಳ್ತೀನಿ, ಅದಕ್ಕೂ ಬಗ್ಗದಿದ್ರೆ ಕೆಲಸ ಬಿಡ್ತೀನಿ. ಇನ್ನು ಬಣ್ಣ, ಫೋಟೋ, ಮಾತಿನ ಧಾಟಿ ಎಲ್ಲ ಟೈಲ್ಸು. ಅದು ಮನೆಯವರ ಇಷ್ಟ. ಆ ಹೋಂಸ್ಟೇ ಸೈಟಿನಲ್ಲಿ ಈಗಲೂ ದಾಸವಾಳ ಕೆಂಪು ಬಣ್ಣದ ತಲೆಪಟ್ಟಿ ಇದೆ. ನನಗೆ ಅದು ಒಂಚೂರೂ ಇಷ್ಟ ಇಲ್ಲ. ಯಜಮಾನ್ರಿಗೆ ಇಷ್ಟ. ಅದರ ಮೇಲಿನ ಬಿಳಿ ಅಕ್ಷರ ಸ್ಪಷ್ಟವಾಗಿ ಓದೋಕಾಗುತ್ತೆ, ಅಷ್ಟು ನೋಡಿಕೊಂಡು ಸುಮ್ಮನಾದೆ. ಅಳಿಯನ ಪೋಸ್ಟರ್ ಕೂಡ ಹಾಳಾಗಲಿಲ್ಲ, ಪ್ರಿಂಟ್ ಮಾಡಿಸಿ ಚೌಕಟ್ಟು ಹಾಕಿ ಹೋಂಸ್ಟೇಯ ಜಗಲಿಯಲ್ಲಿ ನೇತುಹಾಕಿದ್ದಾರೆ. ಕಾಗದದ ಮೇಲೆ ಅದು ನಿಜಕ್ಕೂ ಚೆನ್ನಾಗಿದೆ.

ಆ ಹುಡುಗನಿಗೆ ಇಷ್ಟೆಲ್ಲ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅವನು, "ಸಾರ್, ದುಡ್ಡು ತಗೊಳ್ಳದೆ ಮತ್ತೆ ಮಾಡಿದ್ದು ಎಷ್ಟು ದಿನದ ಕೆಲಸ?" ಅಂದ. ಒಂಬತ್ತು ದಿನ ಅಂದೆ. "ಮೊದಲೇ ಹೇಳಿದ್ರೆ ಎಷ್ಟು ಹೊತ್ತು ಆಗ್ತಿತ್ತು?" ಅಂದ. ಬಹುಶಃ ಒಂದು ಮಧ್ಯಾಹ್ನ. ಅವನು ಲೆಕ್ಕ ಹಾಕ್ಕೊಂಡ ಅಂತ ಕಾಣುತ್ತೆ, ಮತ್ತೇನೂ ಕೇಳಲಿಲ್ಲ. ನನಗೆ ಮಾತ್ರ ಒಂಬತ್ತು ದಿನದ ಲೆಕ್ಕ ಮರೆತುಹೋಗುತ್ತೆ, "ಗೊತ್ತಿದ್ದೂ ಹೇಳಲಿಲ್ವಾ ಮಾರಾಯ್ರೆ" ಅನ್ನೋದು ಮರೆಯಲ್ಲ.

ನಿಮ್ಮಲ್ಲೂ ಎಷ್ಟೋ ಜನ ಇದೇ ಕೆಲಸದಲ್ಲಿದ್ದೀರಿ, ಇನ್ನಷ್ಟು ಜನ ದುಡ್ಡು ಕೊಟ್ಟು ಸೈಟ್ ಮಾಡಿಸಿಕೊಂಡಿರ್ತೀರಿ. ನಿಮ್ಮ ಮೇಸ್ತ್ರಿ ವಾಟ ಕೊಟ್ಟಿದ್ದಾನಾ? ಒಮ್ಮೆ ನಿಮ್ಮ ಮನೆಯ ಹಿರಿಯರ ಕೈಗೆ ಫೋನ್ ಕೊಟ್ಟು ನೋಡಿ. ಏನಾಯ್ತು ಅಂತ ನನಗೂ ಹೇಳಿ.